ಹೊಗೆಯಿಲ್ಲದ ಅಗ್ಗಿಷ್ಟಿಕೆ

(ಬಾನುಲಿ ಭಾಷಣ)

ಅಗ್ಗಿಷ್ಟಿಕೆ ಎಂಬುದು ಇಂದಿನ ಮಕ್ಕಳಿಗೆ ಹಳೆಯ ಕಥೆ ಕಾದಂಬರಿಗಳಲ್ಲಿ ಮಾತ್ರ ಸಿಕ್ಕುವ ಮಾತು. ಸಂಸ್ಕೃತದ ‘ಅಗ್ನಿಷ್ಠಿಕಾ’ ಎಂಬುದರ ತದ್ಭವ ಅದು. ಉತ್ತರ ಹಿಂದುಸ್ತಾನದವರ ‘ಅಂಗೀಠಿ’ಯೂ ಅದೇ ಬುಡದಿಂದ ಒಡೆದ ಕವಲು. ಕೆಂಡ ತುಂಬಿದ ಪಾತ್ರೆ ಎಂದಷ್ಟೇ ಅದರ ಅರ್ಥವಾದರೂ ಆ ಮಾತಿನ ಬೆನ್ನಿಗೆ ಒಂದು ಇಡೀ ಮನೆಯ ಚಿತ್ರವಿದೆ. ಹಂಚಿನ ಮಾಡು, ಹಂಚಿನ ಸಂದುಗಳಲ್ಲಿ ಹೊಗೆ ಹೊರಟುಹೋಗಲು ದಾರಿ, ಎಷ್ಟು ಒತ್ತಿ ಮುಚ್ಚಿದರೂ ಪೂರ್ತಿಯಾಗಿ ಮುಚ್ಚಿಕೊಳ್ಳದ ಮರದ ಬಾಗಿಲು, ನಡುವೆ ಕೆಂಡ, ಕೆಂಡದ ಸುತ್ತ ಕೈ ಚಾಚಿ ಕುಳಿತ ಮನೆಮಂದಿ. ಆ ಮನೆಗೆ ಆ ಬೆಂಕಿ ಒಪ್ಪಿಕೊಂಡಿತ್ತು.

ಈಗ ಮನೆ ಬದಲಾಗಿದೆ. ಮಾಡು ಹೋಗಿ ಕಾಂಕ್ರೀಟಿನ ತಾರಸಿ ಬಂದಿದೆ. ಕಿಟಕಿಗೆ ಗಾಜು ಕೂತಿದೆ. ಬಾಗಿಲು ಹಾಕಿದರೆ ಗಾಳಿಗೆ ಎಡೆಯಿಲ್ಲ. ಇಂಥ ಕೋಣೆಯೊಳಗೆ ಹಳೆಯ ಅಭ್ಯಾಸದಿಂದ ಇದ್ದಿಲ ಕೆಂಡವನ್ನು ತಂದಿಟ್ಟು ಮಲಗಿದವರು ಬೆಳಿಗ್ಗೆ ಏಳಲಿಲ್ಲ ಎಂಬ ಸುದ್ದಿಯನ್ನು ಚಳಿಗಾಲದ ಪತ್ರಿಕೆಗಳಲ್ಲಿ ನಾವು ಮತ್ತೆ ಮತ್ತೆ ಓದುತ್ತೇವೆ. ಕೆಂಡದಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಿಗಿಯಿಂದ ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವನಿಗೆ ಉಸಿರುಕಟ್ಟುತ್ತಿದೆ ಎಂಬ ಎಚ್ಚರವೂ ಆಗುವುದಿಲ್ಲ. ಆದ್ದರಿಂದ ಮೊದಲು ಹೇಳಬೇಕಾದ ಮಾತು ಇದು: ಮುಚ್ಚಿದ ಕೋಣೆಗೆ ಕೆಂಡ ಸಲ್ಲದು. ಅದರ ಸ್ಥಾನಕ್ಕೆ ನ್ಯಾಯವಾಗಿ ಬರಬೇಕಾದದ್ದು ಎತ್ತಿ ಒಯ್ಯಬಹುದಾದ ವಿದ್ಯುತ್ ಹೀಟರು. ಹೊಗೆಯಿಲ್ಲದ ಈ ಅಗ್ಗಿಷ್ಟಿಕೆಯನ್ನು ಅಪಾಯವಿಲ್ಲದೆ, ದುಂದಿಲ್ಲದೆ ಬಳಸುವ ಬಗೆ ಯಾವುದು ಎಂಬುದೇ ನನ್ನ ಇಂದಿನ ವಿಷಯ. ನಾನು ಕನ್ನಡದ ಮೇಷ್ಟ್ರು. ಭೌತಶಾಸ್ತ್ರ ನನ್ನ ಶಾಸ್ತ್ರವಲ್ಲ. ಆದರೆ ಇಲ್ಲಿ ಬೇಕಾಗುವ ಲೆಕ್ಕವೆಲ್ಲ ಹೈಸ್ಕೂಲಿನ ಲೆಕ್ಕವೇ.

ಕರ್ನಾಟಕದವರಿಗೆ ಹೀಟರೇಕೆ ಎಂದು ಕೇಳುವವರುಂಟು. ಬೆಂಗಳೂರಿನಲ್ಲಿಯೇ 1884ರ ಜನವರಿ 13ರಂದು ಉಷ್ಣತೆ 7.8 ಡಿಗ್ರಿಗೆ ಇಳಿದದ್ದು ದಾಖಲೆಯಲ್ಲಿದೆ. ಬೀದರಿನ ಮಾಗಿಯ ಚಳಿ ಅಲ್ಲಿಯವರಿಗೆ ಗೊತ್ತು. ನಾನಿರುವ ಮಡಿಕೇರಿಯಲ್ಲಿ ಮಾಗಿಗಿಂತಲೂ ಮಳೆಗಾಲದ ಥಂಡಿಯೇ ಹೆಚ್ಚು ದಿನ ಕಾಡುತ್ತದೆ. ಪ್ರಾಯದವರು ಒಂದು ಸ್ವೆಟರು ಹಾಕಿಕೊಂಡು ಇದನ್ನೆಲ್ಲ ದಾಟಿಯಾರು. ಎಳೆಯ ಕೂಸಿಗೂ ಎಪ್ಪತ್ತು ಎಂಬತ್ತರ ಹಿರಿಯರಿಗೂ ಅದು ಅಷ್ಟು ಸುಲಭವಲ್ಲ. ಚಳಿ ನಾಡುಗಳ ಮನೆಯೊಳಗಿನ ಉಷ್ಣತೆ 18 ಡಿಗ್ರಿಗಿಂತ ಕೆಳಗಿಳಿಯದಿರುವುದು ಲೇಸು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಚಳಿಗೆ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ಉಬ್ಬಸ ಉಲ್ಬಣಿಸುತ್ತದೆ. ಹಿರಿಯರ ಕೋಣೆಯನ್ನು ಬೆಚ್ಚಗಿಡುವುದು ಭೋಗವಲ್ಲ, ಶುಶ್ರೂಷೆ.

ಇನ್ನು ಯಂತ್ರದ ಮಾತು. ತಂತಿಯಲ್ಲಿ ವಿದ್ಯುತ್ತು ಹರಿದಾಗ ತಂತಿ ಬಿಸಿಯಾಗುತ್ತದೆ. ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಈ ನಿಯಮವನ್ನು 1840ರ ಸುಮಾರಿಗೆ ಕಂಡುಕೊಂಡವನು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೌಲ್. ಆದರೆ ಕೆಂಪಗೆ ಕಾದರೂ ಬೇಗನೆ ಸುಟ್ಟುಹೋಗದ ತಂತಿ ಸಿಕ್ಕಲು ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಯಬೇಕಾಯಿತು. ನಿಕ್ಕಲ್ಲನ್ನೂ ಕ್ರೋಮಿಯಮ್ಮನ್ನೂ ಬೆರೆಸಿದ ನೈಕ್ರೋಮ್ ಎಂಬ ಲೋಹಕ್ಕೆ ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಪೇಟೆಂಟು ಪಡೆದ. ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು ಅದರ ಹಿಂದಿನ ವರ್ಷ, 1905ರಲ್ಲಿ. ದೀಪವೂ ಅಗ್ಗಿಷ್ಟಿಕೆಯೂ ಒಂದೇ ತಂತಿಯಲ್ಲಿ ಬರಬಹುದೆಂಬ ಕಾಲ ಹೀಗೆ ಕೂಡಿಬಂತು.

ಅಂಗಡಿಯಲ್ಲಿ ಮೂರು ಬಗೆಯ ಹೀಟರುಗಳು ಸಿಗುತ್ತವೆ. ಮೊದಲನೆಯದು ಕೆಂಪಗೆ ಕಾದು ಹೊಳೆಯುವ ಕಡ್ಡಿಯದು. ಕ್ವಾರ್ಟ್ಸ್, ಹ್ಯಾಲೊಜೆನ್ ಎಂಬ ಹೆಸರಿನವೂ ಈ ಜಾತಿಗೇ ಸೇರಿದವು. ಇದು ಬಿಸಿಲಿನಂತೆ. ಗಾಳಿಯನ್ನು ಕಾಯಿಸುವ ಗೊಡವೆಗೆ ಹೆಚ್ಚು ಹೋಗದೆ ಎದುರಿಗೆ ಕೂತವರನ್ನು ನೇರವಾಗಿ ಬೆಚ್ಚಗೆ ಮಾಡುತ್ತದೆ. ಎರಡನೆಯದು ಫ್ಯಾನಿನಿಂದ ಬಿಸಿಗಾಳಿಯನ್ನು ಊದುವ ಬ್ಲೋವರು. ಮೂರನೆಯದು ಎಣ್ಣೆ ತುಂಬಿದ, ಸಾಲಾಗಿ ಮಡಿಕೆಗಳಿರುವ ಆಯಿಲ್ ಹೀಟರು. ಇದರ ಎಣ್ಣೆ ಉರಿಯುವುದಿಲ್ಲ, ಮುಗಿಯುವುದಿಲ್ಲ, ತುಂಬಬೇಕಾದ್ದೂ ಇಲ್ಲ; ಕಾದು ಶಾಖವನ್ನು ಮೆಲ್ಲಗೆ ಬಿಟ್ಟುಕೊಡುವುದಷ್ಟೇ ಅದರ ಕೆಲಸ.

ಇವುಗಳಲ್ಲಿ ಯಾವುದು ಕರೆಂಟು ಉಳಿಸುತ್ತದೆ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಾವಿರ ವಾಟಿನ ಹೀಟರು, ಅದು ಯಾವ ಬಗೆಯದೇ ಆಗಲಿ, ಎಷ್ಟೇ ಬೆಲೆಯದಾಗಲಿ, ಒಂದು ಗಂಟೆ ಪೂರ್ತಿ ಉರಿದರೆ ಒಂದು ಯೂನಿಟ್ಟನ್ನು ತೆಗೆದುಕೊಂಡು ಒಂದು ಯೂನಿಟ್ಟಿನಷ್ಟೇ ಶಾಖ ಕೊಡುತ್ತದೆ. ಅಲ್ಲಿ ಹೆಚ್ಚುಕಡಿಮೆಯಿಲ್ಲ. ಉಳಿತಾಯವಿರುವುದು ಮನೆಗೆ ತಕ್ಕ ಹೀಟರನ್ನು ಆರಿಸುವುದರಲ್ಲಿ. ಹಂಚಿನ ಮನೆಯಲ್ಲಿ ಬಿಸಿಗಾಳಿ ಮೇಲೇರಿ ಸಂದುಗಳಲ್ಲಿ ಹೊರಟುಹೋಗುತ್ತದೆ. ಅಲ್ಲಿ ಬ್ಲೋವರು ಹಾಕುವುದು ಮಾಡಿನ ಮೇಲಿನ ಆಕಾಶವನ್ನು ಕಾಯಿಸಿದ ಹಾಗೆ. ಆ ಮನೆಗೆ ಹೊಳೆಯುವ ಕಡ್ಡಿಯದೇ ಸರಿ. ಬಾಗಿಲು ಕಿಟಕಿ ಭದ್ರವಾಗಿರುವ ಸಣ್ಣ ಕಾಂಕ್ರೀಟು ಕೋಣೆಯಲ್ಲಿ ಹೆಚ್ಚು ಹೊತ್ತು ಇರುವವರಿಗೆ ಥರ್ಮೋಸ್ಟಾಟ್ ಉಳ್ಳ ಆಯಿಲ್ ಹೀಟರು ಒಳ್ಳೆಯದು. ಸಾಕಷ್ಟು ಬಿಸಿಯಾದ ಮೇಲೆ ಅದು ತಾನಾಗಿ ಆರಿ, ತಣಿದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸಕ್ಕೆ ಬ್ಲೋವರು ಸಾಕು.

ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಮೂರು ಮೀಟರು ಎತ್ತರದ ಕೋಣೆಯೊಂದಿದೆಯೆನ್ನಿ. ಅದರೊಳಗಿನ ಗಾಳಿಯ ತೂಕ ಸುಮಾರು 40 ಕಿಲೋ. ಇಷ್ಟು ಗಾಳಿಯನ್ನು ಐದು ಡಿಗ್ರಿ ಬೆಚ್ಚಗೆ ಮಾಡಲು ಬೇಕಾದ ಶಾಖ ಒಂದು ಯೂನಿಟ್ಟಿನ ಹದಿನೆಂಟರಲ್ಲಿ ಒಂದು ಪಾಲು ಮಾತ್ರ. ಎರಡು ಸಾವಿರ ವಾಟಿನ ಹೀಟರಿಗೆ ಅದು ಎರಡು ನಿಮಿಷದೊಳಗಿನ ಕೆಲಸ. ಹಾಗಿದ್ದರೆ ನಾವು ಗಂಟೆಗಟ್ಟಲೆ ಉರಿಸುವುದೇಕೆ? ಗೋಡೆ, ನೆಲ, ತಾರಸಿ ಎಲ್ಲವೂ ಶಾಖವನ್ನು ಕುಡಿಯುತ್ತಿರುತ್ತವೆ. ಬಾಗಿಲಡಿಯ ಸಂದು, ಮುಚ್ಚದ ಕಿಟಕಿ ಅದನ್ನು ಹೊರಗೆ ಚೆಲ್ಲುತ್ತಿರುತ್ತವೆ. ತೂತಿರುವ ಕೊಡಕ್ಕೆ ನೀರು ಹೊಯ್ಯುವವನು ಮೊದಲು ತೂತನ್ನು ಹುಡುಕಬೇಕು. ಬಾಗಿಲಡಿಗೆ ಹಳೆಯ ಸೀರೆಯ ಸುರುಳಿಯೊಂದನ್ನು ಇಡಿ. ಕಿಟಕಿಗೆ ದಪ್ಪ ಪರದೆ ಹಾಕಿ, ಹೊತ್ತು ಮುಳುಗುವ ಮೊದಲೇ ಎಳೆದುಬಿಡಿ. ತಣ್ಣನೆಯ ನೆಲದ ಮೇಲೆ ಚಾಪೆಯನ್ನೋ ಜಮಖಾನವನ್ನೋ ಹಾಸಿ. ಇಡೀ ಮನೆಯ ಬದಲು ಒಂದೇ ಸಣ್ಣ ಕೋಣೆಯನ್ನು ಆರಿಸಿಕೊಂಡು ಮನೆಮಂದಿಯೆಲ್ಲ ಸಂಜೆ ಅಲ್ಲಿ ಸೇರಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿಯೂ ಸಲ್ಲುತ್ತದೆ.

ದುಡ್ಡಿನ ಲೆಕ್ಕ ಹೀಗಿದೆ. ಎರಡು ಸಾವಿರ ವಾಟಿನ ಹೀಟರು ದಿನಕ್ಕೆ ನಾಲ್ಕು ಗಂಟೆ ಬಿಡದೆ ಉರಿದರೆ ತಿಂಗಳಿಗೆ 240 ಯೂನಿಟ್. ಸಾವಿರ ವಾಟಿನದು ದಿನಕ್ಕೆ ಎರಡು ಗಂಟೆ ಉರಿದರೆ 60 ಯೂನಿಟ್. ಲೆಕ್ಕದ ಸೌಕರ್ಯಕ್ಕೆ ಯೂನಿಟ್ಟಿಗೆ ಆರು ರೂಪಾಯಿ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 1,440 ರೂಪಾಯಿ, ಎರಡನೆಯದಕ್ಕೆ 360. ನಮ್ಮ ರಾಜ್ಯದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು: ತಿಂಗಳ ಬಳಕೆ 200 ಯೂನಿಟ್ಟನ್ನು ಮೀರಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿ ಕಟ್ಟಬೇಕಾಗುತ್ತದೆ. ಆ ಗೆರೆಯನ್ನು ದಾಟಿಸುವ ಶಕ್ತಿ ಹೀಟರೊಂದಕ್ಕೇ ಉಂಟು. ವೋಲ್ಟೇಜು ಇಳಿದಾಗ ಹೀಟರು ಕೆಟ್ಟಿತೆಂದು ಕಳವಳಪಡಬೇಕಾಗಿಲ್ಲ. 230 ವೋಲ್ಟ್ ಇರಬೇಕಾದಲ್ಲಿ 180 ಬಂದರೆ ಶಾಖ ನೂರಕ್ಕೆ ಅರುವತ್ತರಷ್ಟಕ್ಕೆ ಇಳಿಯುತ್ತದೆ. ಮೀಟರೂ ಅಷ್ಟೇ ನಿಧಾನವಾಗಿ ಓಡುತ್ತದೆ.

ಇದಕ್ಕೂ ಅಗ್ಗದ ದಾರಿಯೊಂದಿದೆ. ಒಂದೂವರೆ ಲೀಟರು ನೀರನ್ನು ರಬ್ಬರು ಚೀಲಕ್ಕೆ ಹದವಾಗಿ ಕಾಯಿಸಿಕೊಳ್ಳಲು ತಗಲುವ ಶಾಖ ಒಂದು ಯೂನಿಟ್ಟಿನ ಹನ್ನೆರಡರಲ್ಲಿ ಒಂದು ಪಾಲನ್ನು ಮೀರದು. ಆ ಚೀಲಕ್ಕೆ ಬಟ್ಟೆ ಸುತ್ತಿ ಕಂಬಳಿಯೊಳಗೆ ಕಾಲ ಬಳಿ ಇಟ್ಟುಕೊಂಡರೆ ನಿದ್ದೆ ಹತ್ತುವವರೆಗಿನ ಚಳಿಗೆ ಅದೇ ಸಾಕು. ಕೋಣೆಯನ್ನು ಕಾಯಿಸುವುದು ದುಬಾರಿ, ಮನುಷ್ಯನನ್ನು ಕಾಯಿಸುವುದು ಅಗ್ಗ. ಉಣ್ಣೆಯ ಕಾಲುಚೀಲ, ತಲೆಗೊಂದು ಮಫ್ಲರು, ಮೈಮೇಲೊಂದು ಶಾಲು, ಇಷ್ಟಾದ ಮೇಲೂ ಉಳಿದ ಚಳಿಗೆ ಹೀಟರು ಎಂಬ ಕ್ರಮವನ್ನಿಟ್ಟುಕೊಂಡರೆ ಬಿಲ್ಲಿನ ಹೆದರಿಕೆ ಬಹುಮಟ್ಟಿಗೆ ನೀಗುತ್ತದೆ.

ಖರ್ಚಿಗಿಂತ ದೊಡ್ಡ ಚಿಂತೆ ಅಪಾಯದ್ದು. ಹೀಟರಿನಿಂದಾಗುವ ಅವಘಡಗಳು ಹುಟ್ಟುವುದು ಹೊಳೆಯುವ ಕಡ್ಡಿಯಲ್ಲಿ ಮಾತ್ರವಲ್ಲ, ಯಾರೂ ನೋಡದ ಗೋಡೆಯ ಮೂಲೆಯಲ್ಲಿ ಕೂಡ. ಎರಡು ಸಾವಿರ ವಾಟಿನ ಹೀಟರು ಸುಮಾರು 8.7 ಆಂಪಿಯರ್ ಕರೆಂಟನ್ನು ಎಳೆಯುತ್ತದೆ. ದೀಪಕ್ಕೂ ರೇಡಿಯೋಕ್ಕೂ ಇರುವ ಸಣ್ಣ ಸಾಕೆಟ್ಟು 6 ಆಂಪಿಯರಿನದು. ಈ ಭಾರ ಅದರದಲ್ಲ. 16 ಆಂಪಿಯರಿನ, ದಪ್ಪ ಮೂರು ತೂತುಗಳ ಪವರ್ ಸಾಕೆಟ್ಟೇ ಬೇಕು. ಅದರಲ್ಲಿಯೂ ಪ್ಲಗ್ಗು ಬಿಗಿಯಾಗಿ ಕೂತಿರಬೇಕು. ಸಡಿಲವಾದ ಜಾಗದಲ್ಲಿ ಅರ್ಧ ಓಮ್‌ನಷ್ಟು ತಡೆ ಇದ್ದರೂ, ಜೌಲನ ನಿಯಮದಂತೆ ಅಲ್ಲಿಯೇ 38 ವಾಟಿನಷ್ಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸಿ ಬೆಸುಗೆ ಹಾಕುವ ಕಡ್ಡಿ 25 ವಾಟಿನದು! ಅದಕ್ಕಿಂತ ಬಿಸಿಯಾದದ್ದೊಂದನ್ನು ಪ್ಲಾಸ್ಟಿಕ್ಕಿನ ಪ್ಲಗ್ಗಿನೊಳಗೆ ಹುದುಗಿಸಿಟ್ಟು ನಾವು ಪತ್ರಿಕೆ ಓದುತ್ತಾ ಕುಳಿತಿರುತ್ತೇವೆ. ನನ್ನ ಪರಿಚಯದವರೊಬ್ಬರ ಮನೆಯಲ್ಲಿ ಸಾಕೆಟ್ಟಿನ ಸುತ್ತ ಕಂದು ಕಲೆ ಮೂಡಿ ಎಷ್ಟೋ ದಿನವಾಗಿತ್ತು; ಸುಟ್ಟ ವಾಸನೆ ಬಂದಾಗ ಅಡುಗೆಮನೆಯಲ್ಲಿ ಹಾಲು ಹೊತ್ತಿತೆಂದು ಎಲ್ಲರೂ ಅತ್ತ ಓಡಿದರಂತೆ. ಹೀಟರು ಹಾಕಿದ ಅರ್ಧ ಗಂಟೆಯ ಮೇಲೆ ಸ್ವಿಚ್ಚು ಆರಿಸಿ, ಪ್ಲಗ್ಗಿನ ಹೊರಮೈಗೆ ಬೆರಳು ತಾಗಿಸಿ ನೋಡಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ, ಕಂದಿದ್ದರೆ, ಎಲೆಕ್ಟ್ರಿಷಿಯನ್ನನ್ನು ಕರೆಸುವವರೆಗೆ ಅಲ್ಲಿ ಹೀಟರು ಬೇಡ.

ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಹೀಟರು ನಡೆಸುವ ರೂಢಿಯನ್ನು ಬಿಡಬೇಕು. ಸುರುಳಿ ಸುತ್ತಿಟ್ಟ ತೆಳುವಾದ ವೈರು ತನ್ನ ಶಾಖವನ್ನು ತಾನೇ ಕೂಡಿಸಿಟ್ಟುಕೊಂಡು ಕರಗುತ್ತದೆ. ವೈರನ್ನು ಜಮಖಾನದ ಅಡಿ ಹಾಯಿಸುವುದೂ ಅಷ್ಟೇ ಕೇಡು. ಪ್ಲಗ್ಗಿನ ಮೂರನೆಯ ಕಡ್ಡಿ ಅಲಂಕಾರಕ್ಕಲ್ಲ. ಒಳಗಿನ ತಂತಿ ಹೇಗೋ ಹೊರಮೈಗೆ ತಾಗಿದರೆ ಕರೆಂಟನ್ನು ನಮ್ಮ ಮೈಮೂಲಕ ಹರಿಯಗೊಡದೆ ನೆಲಕ್ಕೆ ಒಯ್ಯುವುದು ಅದೇ. ಅದನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವವರು ಕೋಟೆಯ ಬಾಗಿಲನ್ನು ತಾವೇ ತೆರೆದಿಟ್ಟಂತಾಯಿತು. ಮನೆಯ ಮುಖ್ಯ ಬೋರ್ಡಿನಲ್ಲಿ ಎಂಸಿಬಿಯ ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದಿದ್ದರೆ ಒಳಿತು. ಎಂಸಿಬಿ ವೈರನ್ನು ಕಾಯುತ್ತದೆ. ನೆಲಕ್ಕೆ ಸೋರುವ ಸಣ್ಣ ಪ್ರವಾಹವನ್ನೂ ಕಂಡುಹಿಡಿದು ಕ್ಷಣದಲ್ಲಿ ಕರೆಂಟು ಕಡಿದು ಮನುಷ್ಯನನ್ನು ಕಾಯುವುದು ಆರ್‌ಸಿಸಿಬಿ. ಕೊಳ್ಳುವಾಗ ಐಎಸ್‌ಐ ಗುರುತನ್ನೂ, ಉರುಳಿಬಿದ್ದರೆ ತಾನಾಗಿ ಆರುವ ಏರ್ಪಾಡನ್ನೂ ನೋಡಿ ಕೊಳ್ಳಬೇಕು. ಬಚ್ಚಲುಮನೆಗೆ ಇದನ್ನು ಒಯ್ಯಲೇಬಾರದು. ಒದ್ದೆ ಕೈಯಿಂದ ಮುಟ್ಟಬಾರದು.

ಹೀಟರಿನ ಸುತ್ತ ಒಂದು ಮೀಟರು, ಎಂದರೆ ಚಾಚಿದ ತೋಳಿಗಿಂತ ತುಸು ಹೆಚ್ಚು ದೂರ, ಬರಿದಾಗಿರಬೇಕು. ಪರದೆ, ಹಾಸಿಗೆ, ಪುಸ್ತಕದ ಕಪಾಟು ಅದರೊಳಗೆ ಬರಕೂಡದು. ಸೊಳ್ಳೆಪರದೆಯಂತೂ ಕಿಡಿಗೂ ಕಾಯದೆ ಬರಿಯ ಬಿಸಿಗೇ ಕರಗಿಬೀಳುತ್ತದೆ. ಮಲೆನಾಡಿನ ಆಷಾಢದಲ್ಲಿ ಒಂದು ವಾರ ಒಣಗದ ಬಟ್ಟೆಯನ್ನು ಹೀಟರಿನ ಮೇಲೆ ಹರವುವ ಆಸೆ ಯಾರಿಗಾದರೂ ಆದೀತು. ಹಿಂದೆ ಒಲೆಯ ಮೇಲಿನ ಗಳುವಿನಲ್ಲಿ ಬಟ್ಟೆ ಒಣಗಿಸುತ್ತಿದ್ದೆವಲ್ಲ ಎಂಬ ವಾದವೂ ಉಂಟು. ಆದರೆ ಆ ಗಳು ಒಲೆಯಿಂದ ಆಳೆತ್ತರದಲ್ಲಿತ್ತು. ಹೀಟರಿಗೆ ಬಟ್ಟೆ ಹೊದಿಸಿದರೆ ಅದರ ಉಸಿರೇ ಕಟ್ಟುತ್ತದೆ. ಶಾಖ ಹೋಗಲು ಎಡೆಯಿಲ್ಲದೆ ಬಟ್ಟೆಯೇ ಹೊತ್ತಿಕೊಳ್ಳುತ್ತದೆ. ಕೂಸನ್ನು ಹೀಟರಿನ ನೇರಕ್ಕೆ ಮಲಗಿಸಬಾರದು. ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಮಂದವಾಗಿರುವ ಹಿರಿಯರನ್ನು ವಿಶೇಷವಾಗಿ ಗಮನಿಸಬೇಕು. ಅವರ ಪಾದ ಸುಡುತ್ತಿದ್ದರೂ ಅವರಿಗೆ ಹಿತವೆಂದೇ ತೋರೀತು. ಬೊಬ್ಬೆ ಎದ್ದ ಮೇಲಷ್ಟೇ ತಿಳಿಯುತ್ತದೆ. ಅವರ ಕಾಲನ್ನು ನಾವು ಮುಟ್ಟಿ ನೋಡುತ್ತಿರಬೇಕು. ಬಿಸಿನೀರಿನ ಚೀಲಕ್ಕೂ ಇದೇ ಮಾತು.

ನಮ್ಮ ಊರುಗಳಿಗೇ ವಿಶೇಷವಾದ ಇನ್ನೊಂದು ಅಪಾಯವಿದೆ. ಹೀಟರು ಉರಿಯುತ್ತಿರುವಾಗ ಕರೆಂಟು ಹೋಗುತ್ತದೆ. ಕತ್ತಲಲ್ಲಿ ಮೇಣದ ಬತ್ತಿ ಹುಡುಕುವ ಗಡಿಬಿಡಿಯಲ್ಲಿ ಹೀಟರು ಮರೆತುಹೋಗುತ್ತದೆ. ಮನೆಯವರು ಮಲಗುತ್ತಾರೆ, ಇಲ್ಲವೆ ಬೀಗ ಹಾಕಿ ಹೊರಡುತ್ತಾರೆ. ನಡುರಾತ್ರಿಯಲ್ಲಿ ಕರೆಂಟು ಬರುತ್ತದೆ. ಕಾವಲಿಲ್ಲದ ಕೋಣೆಯಲ್ಲಿ ಕಡ್ಡಿ ಕೆಂಪಗಾಗುತ್ತದೆ. ಆದ್ದರಿಂದ ಕರೆಂಟು ಹೋದ ಕೂಡಲೆ ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತಿಡುವುದು ಮೊದಲ ಕೆಲಸವಾಗಬೇಕು, ಮೇಣದ ಬತ್ತಿ ಎರಡನೆಯದು. ಮಲಗುವ ಮುನ್ನ ಒಂದರ್ಧ ಗಂಟೆ ಕೋಣೆಯನ್ನು ಬೆಚ್ಚಗೆ ಮಾಡಿಕೊಂಡು, ಹೀಟರು ಆರಿಸಿ, ಅದರ ಬಿಸಿಯನ್ನು ಕಂಬಳಿಗೆ ಒಪ್ಪಿಸಿ ಮಲಗುವುದು ಉತ್ತಮ ಪದ್ಧತಿ.

ಹೀಟರು ಕೋಣೆಯ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಅದು ಕೆಂಡಕ್ಕೆ ಸಲ್ಲುವ ಮಾತು. ವಿದ್ಯುತ್ ಹೀಟರಿನಲ್ಲಿ ಯಾವುದೂ ಉರಿಯುವುದಿಲ್ಲ, ಕಾಯುತ್ತದೆ ಅಷ್ಟೆ. ಆದರೂ ನಾಲ್ಕು ಜನ ಉಸಿರಾಡುವ ಕೋಣೆಗೆ ಒಂದಿಷ್ಟು ಹೊಸ ಗಾಳಿ ಬೇಕು. ಹಗಲಲ್ಲಿ ಸ್ವಲ್ಪ ಹೊತ್ತು ಕಿಟಕಿ ತೆರೆದಿಟ್ಟರೆ ಸಾಕು. ಗಾಳಿ ಬಿಸಿಯಾದಾಗ ಅದರ ತೇವ ಕಡಮೆಯಾದಂತೆ ತೋರಿ ಗಂಟಲು, ಚರ್ಮ ಒಣಗುವುದು ನಿಜ. ಬೀದರಿನ ಒಣ ಚಳಿಯಲ್ಲಿ ಕೋಣೆಯ ಮೂಲೆಯೊಂದರಲ್ಲಿ, ಹೀಟರಿನಿಂದಲೂ ವೈರಿನಿಂದಲೂ ದೂರವಾಗಿ, ಅಗಲವಾದ ಪಾತ್ರೆಯಲ್ಲಿ ನೀರಿಟ್ಟರೆ ಒಂದಿಷ್ಟು ಹಿತವಾದೀತು. ಗೋಡೆಯೇ ಬೆವರುವ ಮಡಿಕೇರಿಯ ಮಳೆಗಾಲಕ್ಕೆ ಆ ಒಣಗುವಿಕೆಯೇ ಉಪಕಾರ.

ನಮ್ಮ ಹಿರಿಯರು ಬೆಂಕಿಯ ವಿಷಯದಲ್ಲಿ ಬಹಳ ಶಿಸ್ತಿನವರಾಗಿದ್ದರು. ರಾತ್ರಿ ಎಲ್ಲರೂ ಮಲಗುವ ಮುನ್ನ ಮನೆಯ ಹೆಂಗಸೊಬ್ಬಳು ಒಲೆಯ ಬಳಿಗೆ ಹೋಗಿ, ಸೌದೆಯನ್ನು ಹಿಂದಕ್ಕೆಳೆದು, ಕೆಂಡಕ್ಕೆ ಬೂದಿ ಮುಚ್ಚಿ, ಸುತ್ತ ಒಂದು ಗರಿ ಕಸವೂ ಇಲ್ಲವೆಂದು ನೋಡಿಯೇ ದೀಪ ತಗ್ಗಿಸುತ್ತಿದ್ದಳು. ಉರಿ ಕಣ್ಣಿಗೆ ಕಾಣುತ್ತಿದ್ದುದರಿಂದ ಅದರ ಭಯವೂ ಎಚ್ಚರವೂ ಇದ್ದವು. ಹೀಟರಿನಲ್ಲಿ ಉರಿಯಿಲ್ಲ, ಹೊಗೆಯಿಲ್ಲ, ಬೂದಿಯೂ ಇಲ್ಲ. ಅದರ ಬೆಂಕಿ ಗೋಡೆಯೊಳಗಿನ ತಂತಿಯುದ್ದಕ್ಕೂ ಕಾಣದೆ ಹಬ್ಬಿರುತ್ತದೆ. ಆದಕಾರಣ ಆ ರಾತ್ರಿಯ ಒಂದು ಸುತ್ತನ್ನು ಈಗಲೂ ಯಾರಾದರೊಬ್ಬರು ಹಾಕಬೇಕು. ಪ್ಲಗ್ಗು ಕಿತ್ತಿದೆಯೇ, ಪರದೆ ದೂರವಿದೆಯೇ, ಅಜ್ಜಿಯ ಕಾಲಿಗೆ ಕಂಬಳಿ ಹೊದಿಸಿದೆಯೇ ಎಂದು ನೋಡಲು ಒಂದು ನಿಮಿಷ ಸಾಕು. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಓಡುತ್ತದೆಂಬ ಮಾತಿದೆಯಷ್ಟೆ. ಅದು ಓಡಿದ ಮೇಲೆ ಹೀಟರಿನ ಧೂಳು ಒರೆಸಿ, ವೈರನ್ನು ಸಡಿಲವಾಗಿ ಸುತ್ತಿ, ಬಟ್ಟೆ ಮುಚ್ಚಿ ಅಟ್ಟಕ್ಕೇರಿಸಿ. ಮತ್ತೆ ಇಳಿಸಿದ ದಿನ ಮೊದಲು ವೈರನ್ನೂ ಪ್ಲಗ್ಗನ್ನೂ ಹಗಲು ಬೆಳಕಿನಲ್ಲಿ ನೋಡಿ, ಆಮೇಲೆ ಸ್ವಿಚ್ಚು ಒತ್ತಿ.